ಬೆರಳಿಗೆ ತಿಳಿಯದ ಉತ್ತರ

ಮಾರ್ಚ್ ೧೪, ಮಂಗಳವಾರ

ನನ್ನ ಚಿನಕುರುಳಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯದೆ ಕದ್ದು ಕೂತಿದ್ದಕ್ಕೆ ಕ್ಷಮಿಸು. ನೀನು ಕೇಳಿದ್ದು ಒಂದೇ ಮಾತು: "ಅಮ್ಮನಿಗೆ ಕಾಯಿಲೆ ಅಷ್ಟು ಜೋರಾದಾಗ ನನ್ನನ್ನ ಯಾಕೆ ಕರೆಸಲಿಲ್ಲ ಅಪ್ಪಾ?" ಹೇಳುತ್ತೇನೆ. ಮೊದಲು ನನ್ನ ಕೈಯ ಸುದ್ದಿ ಕೇಳು, ಅದಿಲ್ಲದೆ ಇದು ನಿನಗೆ ಅರ್ಥವಾಗುವುದಿಲ್ಲ.

ಹೋದ ಗುರುವಾರ ಬೈಂಡಿಂಗ್ ಅಂಗಡಿಯಲ್ಲಿ ಒಂದು ದಪ್ಪ ನಿಘಂಟು ಹೊಲಿಯುತ್ತಿದ್ದೆ. ಹಾಳೆಯ ಮೇಲೆ ಕೆಂಪು ಚುಕ್ಕೆ ಕಂಡಿತು. ಯಾರೋ ಶಾಯಿ ಚೆಲ್ಲಿದ್ದಾರೆಂದು ನಾನು ಕೂಗಾಡುತ್ತಿದ್ದರೆ, ಅಂಟು ಹಚ್ಚುತ್ತಿದ್ದ ನಿನ್ನ ಸೋದರಮಾವ, "ಬೈದಿದ್ದು ಸಾಕು ಭಾವ, ಸೂಜಿ ನಿಮ್ಮ ಬೆರಳಲ್ಲೇ ನೆಟ್ಟಿದೆಯಲ್ಲಾ!" ಎಂದ. ಹಾಳೆಯ ದಪ್ಪವನ್ನು ಹೆಬ್ಬೆರಳಲ್ಲೇ ಅಳೆದು ನಲವತ್ತು ವರ್ಷ ಮೆರೆದವನಿಗೆ ಸೂಜಿ ಚುಚ್ಚಿದ್ದೇ ಗೊತ್ತಾಗಿರಲಿಲ್ಲ. ಅವನೇ ಎಳೆದುಕೊಂಡು ಆಸ್ಪತ್ರೆಗೆ ಹೋದ.

ನರಗಳ ಡಾಕ್ಟರಮ್ಮ ನಿನಗಿಂತ ಒಂದಷ್ಟು ವರ್ಷ ದೊಡ್ಡವರು, ಅಷ್ಟೇ. ಕಣ್ಣು ಮುಚ್ಚಿಸಿದರು, ಬೆರಳಿಗೆ ಹತ್ತಿ ಮುಟ್ಟಿಸಿದಾಗೆಲ್ಲ ಹೇಳಿ ಎಂದರು. ಕಾದೂ ಕಾದೂ, "ಶುರು ಮಾಡಿ ತಾಯಿ, ಸಂಕೋಚ ಯಾಕೆ" ಎಂದೆ.

"ಹತ್ತು ಸಲ ಮುಟ್ಟಿಯಾಯ್ತು" ಎಂದರು.

ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. "ಮುಟ್ಟಿದ್ದು ಮಿದುಳಿಗೆ ತಿಳಿದರೇನೇ ನಮಗೆ ತಿಳಿಯೋದು. ಬೆರಳ ತುದಿಯಿಂದ ಸುದ್ದಿ ಹೊರಟು, ನರದಲ್ಲಿ ತೋಳು ದಾಟಿ, ಬೆನ್ನುಹುರಿ ಹಿಡಿದು ಮೇಲೆ ಹತ್ತುತ್ತೆ. ನಿಮ್ಮ ಸಕ್ಕರೆ ಕಾಯಿಲೆ ಆ ನರಗಳನ್ನ ತುದಿಯಿಂದಾನೇ ಕೆಡಿಸಿದೆ. ಕೈ ಆಡಿಸು ಅಂತ ಮಿದುಳಿಂದ ಇಳಿಯೋ ಅಪ್ಪಣೆಗೆ ಬೇರೆ ನರಗಳಿವೆ, ಅವು ಇನ್ನೂ ಗಟ್ಟಿ. ಕಣ್ಣಲ್ಲಿ ನೋಡ್ಕೊಂಡು ಕೆಲಸ ಸಾಗಿಸಿದ್ದೀರಿ."

"ಎಷ್ಟು ದಿನದಿಂದ ಹೀಗೆ?" ಎಂದೆ.

"ಎರಡು ವರ್ಷಾನೇ ಆಗಿರ್ಬೇಕು."

ಹೊರಗೆ ಬಂದು ಬೆಂಚಿನ ಮೇಲೆ ಕೂತುಬಿಟ್ಟೆ. ನಿನ್ನಮ್ಮ ಹೋಗಿ ಇನ್ನೂ ಎಂಟು ತಿಂಗಳು.

ಮಾತಿದ್ದಾಗ ಅವಳು, "ಪರೀಕ್ಷೆ ಮುಗಿಯೋವರೆಗೂ ಮಗಳಿಗೆ ಹೇಳ್ಬೇಡಿ" ಎಂದಿದ್ದಳು. ಆಮೇಲೆ ಮಾತು ನಿಂತಿತು. ಹೌದಾದರೆ ಕೈ ಒತ್ತಲಿ, ಬೇಡವಾದರೆ ಸುಮ್ಮನಿರಲಿ ಎಂದು ನರ್ಸಮ್ಮ ಕಲಿಸಿಕೊಟ್ಟರು. ಕೊನೆಯ ದಿನ ನನಗೆ ಮನಸ್ಸು ತಡೆಯಲಿಲ್ಲ. ಹೊದಿಕೆಯೊಳಗೆ ಅವಳ ಕೈ ಹಿಡಿದು, ಮುಖವನ್ನೇ ನೋಡುತ್ತಾ, "ಮಗಳನ್ನ ಕರೆಸ್ಲೇನೇ?" ಎಂದು ಮೂರು ಸಲ ಕೇಳಿದೆ. ನನ್ನ ಕೈಗೆ ಏನೂ ತಿಳಿಯಲಿಲ್ಲ. ಬೇಡ ಅಂದಳು ಎಂದುಕೊಂಡೆ. ಅದಕ್ಕೇ ಕರೆಸಲಿಲ್ಲ ಮಗಳೇ. ಅವಳು ನಿಜವಾಗಿ ಸುಮ್ಮನಿದ್ದಳೋ, ಒತ್ತಿದ್ದಳೋ, ನನಗಂತೂ ಗೊತ್ತಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಓದುವಾಗ ಬೆನ್ನು ಬಗ್ಗಿಸಬೇಡ. ನೀನು ನೂರು ವರ್ಷ ತಣ್ಣಗಿರು.

ನಿನ್ನ
ಅಪ್ಪ

ಮರೆತ ಮಾತು: ಮರೆತಿದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಗೊತ್ತಿಲ್ಲ ಎಂದದ್ದು ಸುಳ್ಳು. ಅವಳ ಕೈ ಹಿಡಿದು ಕೇಳಿದ ಆ ದಿನ ಸಂಜೆ ಕೈ ತೊಳೆಯುವಾಗ ನನ್ನ ಬೆರಳುಗಳ ಮೇಲೆ ನಾಲ್ಕು ಕೆಂಪು ಗೆರೆಗಳಿದ್ದವು. ಹೊಲಿಗೆಯ ದಾರ ಬಿಗಿದ ಗುರುತಿರಬೇಕೆಂದು ಸುಮ್ಮನಾಗಿದ್ದೆ. ದಾರದ ಗುರುತು ನೇರವಾಗಿರುತ್ತದೆ. ಅವು ಬಾಗಿದ್ದವು, ಉಗುರಿನ ಹಾಗೆ. ನಿನ್ನಮ್ಮ ಬೇಡ ಎಂದಿರಲಿಲ್ಲ ಮಗಳೇ. ಇದ್ದಬದ್ದ ಶಕ್ತಿಯೆಲ್ಲ ಹಾಕಿ, ಕರೆಸಿ ಎಂದಿದ್ದಳು.