ಮುಚ್ಚದೆ ಬಿಟ್ಟ ಡಿಸ್ಕು

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ಹಳೇ ಸಾಮಾನೆಲ್ಲ ಗುಜರಿಗೆ ಕೊಟ್ಟುಬಿಡಬೇಕು ಅಂದೆಯೋ, ಕೊಟ್ಟುಬಿಟ್ಟೆ ಅಂದೆಯೋ? ಹೋದ ಸಲ ಫೋನ್ ಇಡುವಾಗ ನೀನು ಹೇಳಿದ್ದು ಅರ್ಧ ಮಾತ್ರ ನೆನಪಿದೆ. ಆಗ ಸುಮ್ಮನೆ ಹೂಂ ಅಂದಿದ್ದೆ. ಆಪರೇಷನ್ ಆದಮೇಲೆ ಆಸ್ಪತ್ರೆಗೆ ಹತ್ತಿರವಾಗಲೆಂದು ನಾವು ಮನೆ ಬದಲಾಯಿಸಿದಾಗ ನಿನಗೆ ಕೊಟ್ಟ ಡಿವಿಡಿ ರೆಕಾರ್ಡರ್ ಆ ಸಾಮಾನಿನಲ್ಲಿ ಇತ್ತೇ ಎಂಬುದೊಂದೇ ಈಗ ನನ್ನ ತಲೆ ತಿನ್ನುತ್ತಿದೆ.

ನಿನ್ನ ಪತ್ರಕ್ಕೆ ಉತ್ತರ ಬರೆಯಲು ತಡವಾಯಿತು, ಬೈಯಬೇಡ. ಇವಳು ಆರಾಮಾಗಿದ್ದಾಳೆ. ಗಂಟಲಿನ ಗಾಯ ಒಣಗಿದೆ, ಗಟ್ಟಿ ಊಟಕ್ಕೆ ಬಂದಿದ್ದಾಳೆ. ಧ್ವನಿಪೆಟ್ಟಿಗೆ ತೆಗೆದ ಮೇಲೆ ಮಾತಿಲ್ಲ. ಹೇಳಬೇಕಾದ್ದನ್ನು ಸ್ಲೇಟಿನ ಮೇಲೆ ಬರೆಯುತ್ತಾಳೆ. ಬರೆಯುವುದರಲ್ಲೂ ಮೊದಲಿನ ಖಾರ ಹಾಗೇ ಇದೆ.

ಆಪರೇಷನ್ನಿಗೆ ಮೊದಲು ಅವಳ ಮಾತನ್ನು ರೆಕಾರ್ಡ್ ಮಾಡಿಟ್ಟೆವೆಂದು ಹೇಳಿದ್ದೆನಲ್ಲ. ಕ್ಯಾಮೆರಾದಿಂದ ತಂತಿ ಎಳೆದು ನೇರ ಆ ರೆಕಾರ್ಡರಿಗೇ ಸಿಕ್ಕಿಸಿದ್ದೆ. ಕ್ಯಾಮೆರಾದೊಳಗೆ ಟೇಪು ಹಾಕಲಿಲ್ಲ. ಇರುವುದು ಅದೊಂದೇ ಡಿಸ್ಕು. ಇಷ್ಟು ದಿನ ಅವಳು ಅದರ ಸುದ್ದಿ ಎತ್ತಿರಲಿಲ್ಲ. ಮೊನ್ನೆ ಸ್ಲೇಟು ನನ್ನ ಮುಂದೆ ಹಿಡಿದಳು: "ನನ್ನನ್ನ ಹಾಕಿ, ಕೇಳೋಣ."

ನಮ್ಮ ಪ್ಲೇಯರು ಡಿಸ್ಕನ್ನು ಒಳಗೆಳೆದುಕೊಂಡು, ಗರಗರ ತಿರುಗಿಸಿ, 'ಡಿಸ್ಕ್ ಇಲ್ಲ' ಎಂದು ತೋರಿಸಿತು. ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ಒರೆಸಿ ಹಾಕಿದೆ. ಅದೇ ಮಾತು. ಬೇರೆ ಡಿಸ್ಕುಗಳು ಸಲೀಸಾಗಿ ಓಡಿದವು. ಪಕ್ಕದ ಮನೆಯವರ ಪ್ಲೇಯರಿನಲ್ಲೂ ಆಗಲಿಲ್ಲ. ಕಂಪ್ಯೂಟರಿಗೆ ಹಾಕಿದರೆ, ಇದು ಖಾಲಿ ಡಿಸ್ಕು, ಇದರಲ್ಲಿ ಏನು ಬರೆಯಲಿ ಎಂದು ಅದು ಕೇಳಿತು. ನನ್ನ ಬೆರಳು ಮೌಸಿನ ಮೇಲಿತ್ತು. ತೆಗೆಯಲೂ ಹೆದರಿಕೆಯಾಗಿ ಹಾಗೇ ಕೂತೆ. ಇವಳು ಹಿಂದೆ ನಿಂತು ಬರೆದಳು: "ನಾನು ಹೇಳಿದ್ದು ನಿಮಗೆ ಕೇಳಿಸ್ತಾನೇ ಇರಲಿಲ್ಲ. ಈಗ ಅದೂ ನಿಮ್ಮಿಂದ ಕಲಿತಿದೆ." ನಕ್ಕೆ. ಯಂತ್ರದ ಲೆನ್ಸಿನಲ್ಲಿ ಧೂಳಿದೆ ಎಂದು ಸುಳ್ಳು ಹೇಳಿದೆ.

ಮದುವೆ ವಿಡಿಯೋ ಮಾಡುವವನ ಅಂಗಡಿಗೆ ಒಯ್ದೆ. ಅವನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದ.

"ಗೀರಿಲ್ಲ ಸಾರ್. ಇಲ್ಲೀವರೆಗೆ ಬಣ್ಣ ಬೇರೆ ಇದೆ ನೋಡಿ, ಅಷ್ಟು ಬರೆದಿದೆ. ಆದ್ರೆ ಫೈನಲೈಸ್ ಮಾಡೇ ಇಲ್ವಲ್ಲ! ಮುಚ್ಚದೆ ಹಾಗೆ ಬಿಟ್ರೆ ಬರೆದ ಯಂತ್ರಕ್ಕೊಂದೇ ಗುರುತು ಸಿಗೋದು, ಮಿಕ್ಕಿದ್ದಕ್ಕೆಲ್ಲ ಖಾಲಿ ತಟ್ಟೆ. ಆ ರೆಕಾರ್ಡರ್ ತನ್ನಿ."

"ಅದು ಸಿಗದಿದ್ದರೆ?"

"ಏನೋ ಸಾಫ್ಟ್‌ವೇರ್ ಇದೆಯಂತೆ, ನಾನು ಕೈ ಹಾಕಲ್ಲಪ್ಪ. ಮದುವೇದಾಗಿದ್ರೆ ಇನ್ನೊಂದ್ಸಲ ಆಗಿಬಿಡಿ ಅಂತಿದ್ದೆ. ಏನಿದೆ ಇದ್ರಲ್ಲಿ?"

ಡಿಸ್ಕನ್ನು ಅವನ ಕೈಯಿಂದ ತೆಗೆದುಕೊಂಡು ಮನೆಗೆ ಬಂದೆ.

ಫೈನಲೈಸ್ ಮಾಡಲೇ ಎಂದು ಆ ದಿನ ರೆಕಾರ್ಡರ್ ಕೇಳಿತ್ತು, ಅಕ್ಕ. ಮಾಡಿದರೆ ಆಮೇಲೆ ಏನೂ ಸೇರಿಸಲಾಗದು ಎಂದೂ ತೋರಿಸಿತ್ತು. ಇವಳು ನನ್ನ ಕೈಯಿಂದ ರಿಮೋಟ್ ಕಿತ್ತುಕೊಂಡು, "ಬೇಡ ಬೇಡ. ಒಳಗೆ ನೋಡಿ ಹೇಳ್ತೀನಿ ಅಂದಿದಾರಲ್ಲ ಡಾಕ್ಟರು, ಪೂರ್ತಿ ತೆಗೀದೇನೂ ಇರಬಹುದು. ಬಂದ ಮೇಲೆ ಮಿಕ್ಕ ಜಾಗದಲ್ಲಿ ಮಾತಾಡ್ತೀನಿ" ಅಂದಿದ್ದಳು. ಇದನ್ನೀಗ ಅವಳಿಗೆ ಯಾವ ಬಾಯಲ್ಲಿ ನೆನಪಿಸಲಿ?

ಫೋನ್ ಮಾಡಬಹುದಿತ್ತು. ಮನೆಯಲ್ಲೀಗ ನನ್ನದೊಂದೇ ದನಿ, ಪಿಸುಗುಟ್ಟಿದರೂ ಅವಳಿಗೆ ಕೇಳುತ್ತದೆ. ಬೀದಿಗೆ ಹೋಗಿ ಮಾಡಿದರೆ, "ಕೊಟ್ಟಾಯ್ತಲ್ಲೋ" ಎಂದು ನೀನು ಅನ್ನುವುದನ್ನು ಅಲ್ಲಿ ನಿಂತು ಕೇಳುವ ಧೈರ್ಯವಿಲ್ಲ. ಯಂತ್ರ ಇದ್ದರೆ ಯಾರೂ ಮುಟ್ಟಬೇಡಿ. ಭಾವನಿಗೆ ಮುಖ್ಯವಾಗಿ ಹೇಳು, ಸರಿಮಾಡ್ತೀನಿ ಅಂತ ಬಿಚ್ಚಿ ಹರಡಿಯಾರು. ಡಿಸ್ಕು ಹಿಡಿದು ನಾನೇ ಬರುತ್ತೇನೆ. ಅಂಚೆಗೆ ಹಾಕಲು ಕೈ ಬರುವುದಿಲ್ಲ.

ಭಾವನಿಗೆ ನಮಸ್ಕಾರ. ಮಕ್ಕಳು ಚೆನ್ನಾಗಿರಲಿ. ನಿನ್ನ ಮಂಡಿಯನ್ನು ಜೋಪಾನ ಮಾಡಿಕೋ.

ನಿನ್ನ ತಮ್ಮ

ತಾ.ಕ.: ಇವಳಿಗೆ ಹೇಳಬೇಡ. ನಿನ್ನೆ ಅವಳು ಮಲಗಿದ್ದಾಗ ಅವಳಾಡಿದ ಮಾತುಗಳನ್ನು ನೆನಪಿಸಿಕೊಳ್ಳುತ್ತ ಕೂತಿದ್ದೆ. ಮಾತುಗಳೆಲ್ಲ ಬರುತ್ತವೆ, ಒಂದಕ್ಷರ ತಪ್ಪದೆ. ಆದರೆ ನನ್ನ ದನಿಯಲ್ಲಿ ಬರುತ್ತವೆ. ಎಷ್ಟು ಸಲ ಪ್ರಯತ್ನಪಟ್ಟರೂ ನನ್ನದೇ ದನಿ. ಒಳಮನೆಯಿಂದ "ರೀ" ಅಂತ ಕರೆಯುತ್ತಿದ್ದಳಲ್ಲ, ಆ ಒಂದೇ ಒಂದು ಅಕ್ಷರ, ಅದು ಕೊನೆಗೆ ಏರುತ್ತಿತ್ತೋ ಇಳಿಯುತ್ತಿತ್ತೋ, ನಿನಗೇನಾದರೂ ನೆನಪಿದೆಯಾ ಅಕ್ಕ?