ಮುಂದಿನ ಸಾಲಿನ ರುಮಾಲು

ಬೆಳಕವಾಡಿ ಅಂಚೆ, ಮಳವಳ್ಳಿ ತಾಲೂಕು
7 ಡಿಸೆಂಬರ್ 2024

ಅಪ್ಪಾ,

ಜೈ ಭೀಮ್. ಹೇಗಿದ್ದೀಯ? ಹಾಸನದಲ್ಲಿ ಚಳಿ ಜಾಸ್ತಿಯಂತೆ. ಗೋಡೌನಿನ ಗೇಟಿನಲ್ಲಿ ಕೂರುವವನು ಮಂಡಿಗೆ ಬಟ್ಟೆ ಸುತ್ತಿಕೊಳ್ಳಬೇಕು ಎಂದು ಬರೆಯಲು ಅವ್ವ ಹೇಳಿದಳು. ಅವಳು ಚೆನ್ನಾಗಿದ್ದಾಳೆ. ಗಾರ್ಮೆಂಟ್ಸಿನ ವ್ಯಾನು ಈಗ ಅರ್ಧ ಗಂಟೆ ಮೊದಲೇ ಬರುತ್ತದೆ, ಅಷ್ಟೇ ಬದಲಾವಣೆ. ನೀನು ಹೋದ ಮೇಲೆ ಮಂಡ್ಯದ ಕ್ಯಾಂಪಿನಲ್ಲಿ ಅಜ್ಜಿಯ ಬಲಗಣ್ಣಿನ ಪೊರೆ ತೆಗೆಸಿದೆವು. ಕಣ್ಣು ಚೆನ್ನಾಗಿ ಕಾಣುತ್ತದೆ. ಪಟ್ಟಿ ಬಿಚ್ಚಿದ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟ್ ಸಣ್ಕಾಗಿದ್ದಿಯೇನಮ್ಮಿ ನೀನು, ಗಂಟ್ಲು ಕೇಳಿ ಗಟ್ಟಿಗಿತ್ತಿ ಅನ್ಕಂಡಿದ್ದೆ" ಎಂದಳು.

ನೀನು ನನ್ನ ಫೋನು ಎತ್ತುವುದಿಲ್ಲ. ಅದರಲ್ಲಿ ತಪ್ಪಿಲ್ಲ. ಫೋನಲ್ಲಿ ನಾನು ಭಾಷಣ ಶುರು ಮಾಡುತ್ತೇನೆ. "ಮೈಕ್ ಮಡಗ್ಬುಟ್ಟು ಮಾತಾಡು ಮಗಾ" ಎಂದು ನೀನು ಎಷ್ಟು ಸಲ ಹೇಳಿದ್ದೀಯೋ. ಆದ್ದರಿಂದ ಬರೆಯುತ್ತಿದ್ದೇನೆ. ನಿನ್ನೆ ಬಾಬಾಸಾಹೇಬರ ಪರಿನಿಬ್ಬಾಣದ ದಿನ ಮಳವಳ್ಳಿಯಲ್ಲಿ ಕಾರ್ಯಕ್ರಮವಿತ್ತು, ನನ್ನನ್ನು ಮಾತಾಡಲು ಕರೆದಿದ್ದರು. ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತು ಬಂದೆ. ಹೇಳಬೇಕೆಂದುಕೊಂಡದ್ದೆಲ್ಲ ನೆನಪಿತ್ತು. ಯಾವುದೂ ನನ್ನದು ಎನ್ನಿಸಲಿಲ್ಲ.

ದಸರಾ ರಜೆಯಲ್ಲಿ ನಾನು ಮಾಡಿದ್ದನ್ನು ಮಾಡಿದ ಹಾಗೆಯೇ ಬರೆಯುತ್ತೇನೆ. ನೀನು ತಿಂಗಳಿಗೊಮ್ಮೆ ಮಂಡ್ಯಕ್ಕೋ ಮದ್ದೂರಿಗೋ ಹೋಗಿ ಬಸ್‌ಸ್ಟಾಂಡಿನ ತಳ್ಳುಗಾಡಿಯಿಂದ ಹಳೆಯ ಕಪ್ಪು-ಬಿಳುಪು ಸಿನಿಮಾದ ಸೀಡಿ ತರುತ್ತಿದ್ದೆ. ಮೇಲಿನ ಕಾಗದದಲ್ಲಿ ನಾಯಕಿಗೆ ಗುಲಾಬಿ ಬಣ್ಣ ಬಳಿದಿರುತ್ತಿದ್ದರು, ಒಳಗೆ ಬರೀ ಮಸಿ. ಒಂದೇ ಸೀಡಿಗೆ ಮೂರು ಸಿನಿಮಾ ತುರುಕಲು ಹಾಡುಗಳನ್ನೆಲ್ಲ ಕತ್ತರಿಸಿ ಎಸೆದಿರುತ್ತಿದ್ದರು. ಜನರೆಲ್ಲ ಅಡ್ಡಡ್ಡಕ್ಕೆ ಹಿಗ್ಗಿ ಕುಂಬಳಕಾಯಿ ಹಾಗೆ ಕಾಣುತ್ತಿದ್ದರು. ತುಟಿ ನಿಂತ ಮೇಲೆ ಮಾತು ಬರುತ್ತಿತ್ತು. ಸಾಯುವವನ ಎದೆಯ ಮೇಲೆ ಸೀಡಿ ಕಂಪನಿಯ ಫೋನ್ ನಂಬರು ಹರಿದು ಹೋಗುತ್ತಿತ್ತು. ಚಿತ್ರ ಚೌಕ ಚೌಕವಾಗಿ ಒಡೆದಾಗ ನೀನು ಸೀಡಿಗೆ ಟೂತ್‌ಪೇಸ್ಟು ಹಚ್ಚಿ ಬನಿಯನ್ನಿನಿಂದ ಉಜ್ಜಿ ಮತ್ತೆ ಹಾಕುತ್ತಿದ್ದೆ. ನನಗೆ ಮೈ ಉರಿಯುತ್ತಿತ್ತು. ಆಳು ಅಳುತ್ತ ಧಣಿಯ ಕಾಲು ಹಿಡಿಯುವುದನ್ನು ನಮ್ಮ ಮನೆಯಲ್ಲಿ, ನಮ್ಮ ಕರೆಂಟಿನಲ್ಲಿ, ನಮ್ಮಪ್ಪ ನೋಡುತ್ತಾನಲ್ಲ ಎಂದು. ಆ ಅರ್ಥದ ಒಂದು ಸಾಲು ನನ್ನ ಕಿರುಹೊತ್ತಗೆಯೊಂದರಲ್ಲಿತ್ತು. ಅದಕ್ಕೆ ಗೆರೆ ಎಳೆದು, ನೀನು ಊಟಕ್ಕೆ ಕೂತಾಗ ಗಟ್ಟಿಯಾಗಿ ಓದಿದೆ. ನೀನು "ಸಾರು ಆರೋಯ್ತದೆ ಉಣ್ಣು" ಎಂದೆ. ಮಾರನೆಯ ದಿನ ನೀನು ಇಲ್ಲದಾಗ ಟ್ರಂಕು ತುಂಬ ಇದ್ದ ಸೀಡಿಗಳನ್ನು ಗುಜರಿ ಅಂಕಯ್ಯನಿಗೆ ಕೊಟ್ಟೆ. ಅವನು ಒಂದು ನೀಲಿ ಬಕೆಟ್ಟು ಕೊಟ್ಟ. ನೀನು ಬಂದು ಖಾಲಿ ಟ್ರಂಕು ನೋಡಿದೆ, ಬಕೆಟ್ಟು ನೋಡಿದೆ, ಕೈಕಾಲು ತೊಳೆದುಕೊಂಡೆ. ಬೈಯಲಿಲ್ಲ. ಎರಡು ದಿನಕ್ಕೆ ಹಾಸನದ ಕೆಲಸ ಒಪ್ಪಿಕೊಂಡು ಹೊರಟೆ. ನಾನು ಗೆದ್ದೆ ಎಂದುಕೊಂಡಿದ್ದೆ.

ಕಣ್ಣಿನ ಪಟ್ಟಿ ಬಿಚ್ಚಿದ ವಾರ ಅಜ್ಜಿ ಟ್ರಂಕು ಎಲ್ಲಿ ಎಂದು ಕೇಳಿದಳು. ಹೇಳಿದೆ. ಅವಳು ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದಳು. "ಅವ್ನು ಸಿನಿಮಾ ನೋಡ್ತಿರ್ನಿಲ್ಲ ಕಣಮ್ಮಿ, ಅವ್ರಪ್ಪನ್ನ ಹುಡುಕ್ತಿದ್ದ" ಎಂದಳು. ನೀನು ಹೊಟ್ಟೆಯಲ್ಲಿದ್ದಾಗಲೇ ಮರಿಸಿದ್ದಯ್ಯ ತಾತ ಜ್ವರದಲ್ಲಿ ಹೋದದ್ದು, ಅವನ ಫೋಟೊ ಒಂದೂ ಇಲ್ಲದ್ದು ನನಗೆ ಗೊತ್ತಿತ್ತು. ಅದಕ್ಕೆ ಮುಂಚಿನ ವರ್ಷ ಮದರಾಸಿನ ಸಿನಿಮಾದವರು ಬಂದು ನಮ್ಮೂರ ಜಗಲಿಯಲ್ಲಿ ಪಂಚಾಯ್ತಿ ಸೀನು ತೆಗೆದದ್ದು, ಜನರ ನಡುವೆ ತಾತನನ್ನೂ ನಿಲ್ಲಿಸಿದ್ದು ಗೊತ್ತಿರಲಿಲ್ಲ. ಸಿನಿಮಾದ ಹೆಸರು ಯಾರಿಗೂ ನೆನಪಿಲ್ಲ. ಅದಕ್ಕೇ ನೀನು ಎಲ್ಲವನ್ನೂ ನೋಡಬೇಕಾಗಿತ್ತು. ನನಗೆ ಒಂದು ಮಾತು ಹೇಳಬಹುದಿತ್ತು, ಅಪ್ಪಾ. ಆದರೆ ನಾನು ಕೇಳುವ ಹಾಗೆ ಇರಲಿಲ್ಲ.

ಅಂಕಯ್ಯನ ಹತ್ತಿರ ಹೋದೆ. ಅವನು ಕರಗಿಸುವುದಕ್ಕೆ ಕಳಿಸಿರುತ್ತಾನೆ ಎಂದುಕೊಂಡಿದ್ದೆ. "ಅವು ಗದ್ದೇಲವೆ ಓಗವ್ವ" ಎಂದ. ಭತ್ತ ಹಾಲುಗಟ್ಟುವಾಗ ಗುಬ್ಬಿ ಓಡಿಸಲು ಜನ ಒಯ್ದಿದ್ದರು. ನಾಲೆ ಏರಿಯ ಮೇಲೆ ನಡೆದು ಹೋದೆ. ದೇವರಾಜಣ್ಣನ ಗದ್ದೆಯಲ್ಲಿ ದಾರಕ್ಕೆ ಕಟ್ಟಿದ ನಿನ್ನ ಸೀಡಿಗಳು ಗಾಳಿಗೆ ತಿರುಗುತ್ತಿದ್ದವು. ಬಿಸಿಲು ಬಿದ್ದು ಮಿಣಕ್ ಮಿಣಕ್ ಎನ್ನುತ್ತಿದ್ದವು. ಒಂದರ ಮೇಲೆ ನಿನ್ನ ಕೈಬರಹ ಇತ್ತು: ನೋಡಿದೆ, ಇಲ್ಲ. ಎಲ್ಲದರ ಮೇಲೂ ಅದೇ ಇತ್ತು. ದೇವರಾಜಣ್ಣ, "ಬಿಚ್ಕ ಓಗು, ನಿನ್ ಭಾಷ್ಣದ್ ಪುಸ್ತ್ಕ ತಂದ್ ಕಟ್ಟು, ಗುಬ್ಬಿ ತಿರ‍್ಗೂ ನೋಡಕ್ಕಿಲ್ಲ" ಎಂದ. ಮಾಮೂಲಿಯಾಗಿದ್ದರೆ ಉತ್ತರ ಕೊಡುತ್ತಿದ್ದೆ. ಇಪ್ಪತ್ತಕ್ಕೂ ಹೆಚ್ಚು ಬಿಚ್ಚಿಕೊಂಡು ಬಂದೆ.

ಮೊದಲನೆಯದನ್ನು ಹಾಕೋಣವೆಂದು ಪ್ಲೇಯರಿನ ಬಾಯಿ ತೆರೆದಾಗ ಒಳಗೆ ಒಂದು ಇತ್ತು. ಅದರ ಮೇಲೆ ನೀನು ಏನೂ ಬರೆದಿರಲಿಲ್ಲ. ಹಾಗೇ ಒಳಗೆ ತಳ್ಳಿ ಒತ್ತಿದೆ. ಸಿನಿಮಾ ಮೊದಲಿನಿಂದ ಶುರುವಾಗದೆ ನೀನು ನಿಲ್ಲಿಸಿದ್ದ ಕಡೆಯಿಂದಲೇ ಬಂತು. ನಮ್ಮೂರ ಬೇವಿನ ಮರ, ನಮ್ಮೂರ ಜಗಲಿ, ಅದರ ಮೇಲೆ ರುಮಾಲು ಕಟ್ಟಿದ ಆರೇಳು ಜನ, ಕೆಳಗೆ ಹಿಂದಕ್ಕೆ ಒತ್ತಿಕೊಂಡು ನಿಂತ ಮತ್ತೊಂದು ಗುಂಪು. ಆ ಗುಂಪಿನ ಅರ್ಧ ಜನ ಚಿತ್ರದಿಂದಾಚೆ ಕತ್ತರಿಸಿ ಹೋಗಿದ್ದರು. ಒಂದು ಭುಜ, ಒಂದು ಕಿವಿ. ನಮ್ಮವರು ಅಲ್ಲಿ ಇರಬೇಕು, ಸೀಡಿ ಮಾಡಿದವನೂ ನಮ್ಮನ್ನೇ ಕತ್ತರಿಸಿದ ಎಂದುಕೊಂಡೆ. ನೀನೂ ಅದನ್ನೇ ಅಂದುಕೊಂಡಿರಬೇಕು. ಪೊರೆ ಬಂದ ಅಜ್ಜಿಯ ಕಣ್ಣಿಗೆ ಆ ಭುಜವನ್ನು ತೋರಿಸುವುದು ಬೇಡವೆಂದೇ, ಅವಳು ಕೇಳಿದಾಗ "ಸಿಗ್ಲಿಲ್ಲ ಕಣವ್ವ" ಎಂದಿರಬೇಕು.

ಅಜ್ಜಿ ಟಿವಿಯ ಹತ್ತಿರ ಹೋಗಿ ಜಗಲಿಯ ಮೇಲೆ ಬೆರಳಿಟ್ಟಳು. "ಅಗಾ, ನಿಮ್ ತಾತ. ಕಂಕ್ಳಲ್ಲಿ ಕೈ ಇಕ್ಕಂಡವ್ನಲ್ಲ, ಆ ರುಮಾಲು." ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವಾಗ ಬಲಗೈಯ ಎರಡು ಬೆರಳು ಹೋಗಿದ್ದವಂತೆ. ನಾಲ್ಕು ಜನ ಕಂಡರೆ ಕೈಯನ್ನು ಕಂಕುಳಲ್ಲಿ ಬಚ್ಚಿಡುತ್ತಿದ್ದನಂತೆ. ಅವನು ಜಗಲಿಯ ಮೇಲೆ ಹೇಗೆ ಎಂದು ಕೇಳಿದೆ. "ಮದ್ರಾಸ್ನೋರ‍್ಗೇನ್ ಗೊತ್ತು ಯಾರ‍್ದು ಯಾವ್ ಕೇರಿ ಅಂತ. ಎತ್ರುಕ್ಕವ್ನೆ ಅಂತ ರುಮಾಲು ಸುತ್ತಿ ಹತ್ತಿಸ್ಬುಟ್ರು, ಸರಿಯಾಗ್ ಬರ್ನಿಲ್ಲ ಅಂತ ಇಳ್ಸಿ ಇನ್ನೊಂದ್ ಸಲ ಹತ್ತಿಸುದ್ರು. ಕ್ಯಾಮ್ರಾ ಇರೋಗಂಟ ಊರೋರು ಸುಮ್ನಿದ್ರು. ಅವ್ರ್ ಗಾಡಿ ಅತ್ಲಾಗ್ ಓದೇಟ್ಗೆ ಸಗ್ಣಿ ನೀರಾಕಿ ಜಗ್ಲಿ ತೊಳ್ಸುದ್ರು. ನಿಮ್ ತಾತ ದೂರ‍್ದಲ್ ನಿಂತು, ಎಲ್ಡ್ ಸಲ ಹತ್ಸವ್ರೆ, ಒಂದ್ ಸಲ ತೊಳುದ್ರೆ ಸಾಕಾ ಅಂತ ನಗಾಡ್ತಿದ್ದ."

ಅಜ್ಜಿಯೂ ನಕ್ಕಳು. ನನಗೆ ನಗು ಬರಲಿಲ್ಲ, ಅಳುವೂ ಇಲ್ಲ. ಸಂಜೆ ಬಕೆಟ್ಟಿಗೆ ನೀರು ಹಿಡಿದೆ, ಮೇಕೆಗೆ ಸೊಪ್ಪು ಹಾಕಿದೆ. ಈಗಲೂ ಹಾಗೇ ಇದ್ದೇನೆ. ಕ್ಷಮಿಸು ಎಂದು ಬರೆದರೆ ಅದೂ ಎಲ್ಲೋ ಓದಿದ ಹಾಗೆ ಕಾಣುತ್ತದೆ. ನೀನು ಹಿಂದಿನ ಗುಂಪಿನಲ್ಲಿ ಹುಡುಕುತ್ತಿದ್ದೆ, ಅವನು ಮುಂದೆ ಇದ್ದಾನೆ. ಅದನ್ನಷ್ಟೇ ತಿಳಿಸಬೇಕಿತ್ತು.

ಅವ್ವ ನೆನಪು ಹೇಳಿದ್ದಾಳೆ. ಅಜ್ಜಿ ನಿನ್ನ ತಲೆಯ ಮೇಲೆ ಕೈ ಇಟ್ಟಿದ್ದೇನೆಂದು ಬರೆ ಎಂದಳು, ಬರೆದಿದ್ದೇನೆ.

ನಿನ್ನ ಮಗಳು,
ವನಜಾ

ಮರೆತೆ: ಮೊಬೈಲಲ್ಲಿ ಫೋಟೊ ತೆಗೆದು ಕಳಿಸು ಎನ್ನಬೇಡ. ತೆಗೆದು ನೋಡಿದೆ, ಬರೀ ಪಟ್ಟೆ ಬಂತು. ಸೀಡಿಯೂ ಈಗ ಆ ಜಾಗಕ್ಕೆ ಬಂದು ತಡವರಿಸುತ್ತಿದೆ. ಇನ್ನು ಒಂದೋ ಎರಡೋ ಸಲ ಓಡಬಹುದು. ಅಜ್ಜಿ ಟಿವಿ ಹಾಕಲು ಯಾರನ್ನೂ ಬಿಡುತ್ತಿಲ್ಲ. ಆ ನೀಲಿ ಬಕೆಟ್ಟು ಮಗುಚಿ ಸ್ವಿಚ್ಚಿನ ಕೆಳಗೆ ಅದರ ಮೇಲೆ ಕೂತಿದ್ದಾಳೆ. ಇನ್ನೊಂದು ಸಲ ನೀನಾದರೂ ನೋಡಜ್ಜಿ ಅಂದೆ. "ನಾನು ಬದ್ಕಿದ್ದೋನ್ನೇ ನೋಡಿವ್ನಿ, ನಿಮ್ಮಪ್ಪ ಬಂದ್ ನೋಡ್ಲಿ" ಎಂದಳು.