ಐದಕ್ಕೆ ಒಂದೇ ಅಂಕ

ಘಾಟ್ಕೋಪರ್, ಮುಂಬೈ
೧೭ ಆಗಸ್ಟ್ ೨೦೨೫, ಭಾನುವಾರ

ಪ್ರೀತಿಯ ಅಮ್ಮಾ,

ನಿನ್ನ ಸೊಂಟನೋವು ಹೇಗಿದೆ? ಅಕ್ಕನ ಬಾಣಂತನಕ್ಕೆ ಹೋದವಳು ಮಗುವನ್ನು ಎತ್ತಿಕೊಂಡೇ ಇರಬೇಡ, ಭಾವನಿಗೂ ಎರಡು ಕೈಗಳಿವೆ. ಅಪ್ಪ ಚೆನ್ನಾಗಿದ್ದಾರೆ. ಕುರ್ಲಾದ ಹೋಟೆಲಿನಿಂದ ದಿನಾ ಅದೇ ಸಾಂಬಾರು ತರುತ್ತಾರೆ, ಕಂಡರೆ ಸಿಟ್ಟು ಬರುತ್ತದೆ. ಸಿಟ್ಟು ನಿಜಕ್ಕೂ ಸಾಂಬಾರಿನ ಮೇಲಲ್ಲ ಬಿಡು. ಫೋನಿನಲ್ಲಿ ಹೇಳಿದರೆ ನೀನು ಸ್ಪೀಕರ್ ಹಾಕುತ್ತೀ, ಉಡುಪಿಯ ಆ ಮನೆಯವರೆಲ್ಲ ಕೇಳಿಸಿಕೊಳ್ಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಪರೇಲಿನ ನಮ್ಮ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ತಪಾಸಣೆಯವರು ಬರುತ್ತಾರಂತೆ. ನಮ್ಮಲ್ಲಿ 'ನಾವೆಲ್ಲ ಒಂದು' ಎಂಬ ಭಾವನೆ ಎಷ್ಟಿದೆಯೆಂದು ಅಳೆದು ತೋರಿಸಬೇಕಂತೆ. ಕೋರ್ಸಿನ ಮುಖ್ಯಸ್ಥೆ ಸಾಧನಾ ಮೇಡಂ, ಬೆಂಗಳೂರಿನವರು, ಎಲ್ಲರ ಮೊಬೈಲಿಗೂ ಪ್ರಶ್ನೆಗಳನ್ನು ಕಳಿಸಿದರು. 'ಈ ತರಗತಿಯಲ್ಲಿ ನನ್ನವರಿದ್ದಾರೆ', 'ಕಷ್ಟ ಬಂದರೆ ಇಲ್ಲಿ ಯಾರಾದರೂ ವಿಚಾರಿಸುತ್ತಾರೆ' ಇಂಥವು. ಪ್ರತಿಯೊಂದಕ್ಕೂ ಐದರೊಳಗೆ ಅಂಕ. ಯಾರ ಹೆಸರೂ ಗೊತ್ತಾಗುವುದಿಲ್ಲ, ನಿಜವನ್ನೇ ಬರೆಯಿರಿ ಎಂದರು. ನಾವು ಲೋಕಲ್ ರೈಲು ಹಿಡಿಯುವ ಅವಸರದಲ್ಲಿ ಐದು, ಐದು ಎಂದು ಒತ್ತಿ ಎದ್ದೆವು. ಒಬ್ಬಳು ಮಾತ್ರ ಎಲ್ಲಕ್ಕೂ ಒಂದೊಂದೇ ಅಂಕ ಕೊಟ್ಟಿದ್ದಳು.

ಮರುದಿನ ಮೇಡಂ ತುಂಬಿದ ತರಗತಿಯಲ್ಲಿ ನಾಗವ್ವನನ್ನು ಎಬ್ಬಿಸಿ ನಿಲ್ಲಿಸಿದರು. ಗೊತ್ತಾಗದ ಹೆಸರು ಅವರಿಗೆ ಹೇಗೆ ಗೊತ್ತಾಯಿತು, ಹೇಳು! ನಾಗವ್ವ ಕುರ್ಲಾದ ಚಾಳಿನವಳು, ವಿಜಯಪುರದ ಕಡೆಯವಳು, ಮಾತು ಕಡಿಮೆ. "ಇಷ್ಟು ಜನ ಫ್ರೆಂಡ್ಸ್ ಇದ್ದಾರೆ, ನಿನಗೊಬ್ಬಳಿಗೆ ಏನಮ್ಮಾ ಪ್ರಾಬ್ಲಮ್? ನಿನ್ನಿಂದ ನಮ್ಮ ಸ್ಕೋರ್ ಹಾಳಾಯ್ತು. ಈಗಲೇ ಚೇಂಜ್ ಮಾಡು" ಎಂದರು. ಅವಳು ತಲೆಯೆತ್ತಿದಳು. "ಖರೇ ಬರೀರಿ ಅಂದ್ರಿ, ಬರದೀನ್ರಿ. ನಮ್ಮಪ್ಪ ತೀರಿಕೊಂಡಾಗ ನಾ ಕ್ಲಾಸಿಗೆ ಬರ್ಲಿಲ್ಲ. ಯಾಕ ಅಂತ ಒಬ್ರೂ ಕೇಳ್ಲಿಲ್ರಿ. ಹಾಜರಿ ಕಮ್ಮಿ ಆತು ಅಂತ ನಿಮ್ಮ ಮೆಸೇಜ್ ಅಷ್ಟ ಬಂತು."

ಕನ್ನಡ ಬಾರದವರಿಗಾಗಿ ಅದನ್ನೇ ಹಿಂದಿಯಲ್ಲೂ ಹೇಳಿದಳು. ಅವಳ ಅಪ್ಪ ಹೋದದ್ದು ನಮಗಾರಿಗೂ ಗೊತ್ತಿರಲಿಲ್ಲ ಅಮ್ಮಾ, ಅವಳ ಪಕ್ಕದ ಬೆಂಚಿನಲ್ಲಿ ಕೂರುವ ನನಗೂ. ಮೇಡಂ ಏನೆಂದರು ಗೊತ್ತೇ? "ವೆರಿ ಸ್ಯಾಡ್. ಆದರೆ ಅದು ನಿನ್ನ ಪರ್ಸನಲ್." ಅಷ್ಟು ಹೇಳಿ, ಎಲ್ಲರೂ ತಮ್ಮೆದುರೇ ಮತ್ತೊಮ್ಮೆ ಅಂಕ ಹಾಕಬೇಕೆಂದರು. ನನ್ನ ಮೈಯೆಲ್ಲ ಉರಿಯಿತು. ಎದ್ದು ನಿಂತು, "ನಾನೂ ಒಂದೇ ಹಾಕ್ತೇನೆ ಮೇಡಂ" ಎಂದೆ. ಕೊನೆಯ ಬೆಂಚಿನಲ್ಲಿ ಸದಾ ತೂಕಡಿಸುವ ಧನರಾಜ್, "ಮೈ ಭೀ ಏಕ್" ಎಂದ. ಆಮೇಲೆ ಇಡೀ ತರಗತಿ ಒಬ್ಬೊಬ್ಬರಾಗಿ ಒಂದನ್ನೇ ಒತ್ತಿತು. ಮೇಡಂ ಬಾಗಿಲನ್ನು ದಡಾರನೆ ಎಳೆದುಕೊಂಡು ಹೋದರು. ನಾವು ನಾಗವ್ವನ ಸುತ್ತ ಕುಳಿತೆವು. ಅವಳ ಅಪ್ಪನ ಹೆಸರು ಹಣಮಂತ, ಬಿಲ್ಡಿಂಗುಗಳಿಗೆ ಬಣ್ಣ ಹೊಡೆಯುತ್ತಿದ್ದರು. ಮಗಳು ಬಿಳಿ ಕೋಟು ಹಾಕಿಕೊಂಡ ಫೋಟೋವನ್ನು ಕೆಲಸದ ಜಾಗದಲ್ಲಿ ಎಲ್ಲರಿಗೂ ತೋರಿಸುತ್ತಿದ್ದರಂತೆ. ಇದನ್ನು ಹೇಳುವಾಗಲೇ ಅವಳು ಅತ್ತದ್ದು.

ಅಕ್ಕನಿಗೆ ಬಿಸಿಬಿಸಿ ಉಣ್ಣಲು ಹೇಳು. ಮಗುವಿನ ಅಂಗಾಲಿಗೆ ನನ್ನದೊಂದು ಮುತ್ತು.

ನಿನ್ನ ಸಿಡುಕಿ ಮಗಳು,
ಯಕ್ಷಿತಾ

ಮರೆತ ಮಾತು: ತಪ್ಪಾಯಿತೆಂದು ಬರೆದುಕೊಡದಿದ್ದರೆ ನಾಗವ್ವನನ್ನೂ ನನ್ನನ್ನೂ ಪರೀಕ್ಷೆಗೆ ಕೂರಿಸುವುದಿಲ್ಲವಂತೆ. ಗಣೇಶ ಚೌತಿ ಕಳೆದ ಮೇಲಿನ ಸೋಮವಾರ ಮನೆಯವರೊಂದಿಗೆ ಆಫೀಸಿಗೆ ಬರಬೇಕಂತೆ. "ಬರೆದು ಕೊಟ್ಬಿಡು ಮಗಾ" ಎನ್ನುತ್ತಾರೆ ಅಪ್ಪ. ನಾನು ಬರೆಯುವುದಿಲ್ಲ. ಅಕ್ಕನನ್ನು ಅವಳ ಅತ್ತೆಗೆ ಒಪ್ಪಿಸಿ ಎರಡು ದಿನದ ಮಟ್ಟಿಗೆ ಬಾ ಅಮ್ಮಾ. ನಾಗವ್ವನ ಅವ್ವನೂ ಬರುತ್ತಾರೆ. ಆಫೀಸಿನವರು ಆಡುವ ಹಿಂದಿಯೂ ಅವರಿಗೆ ಬಾರದು, ಇಂಗ್ಲಿಷೂ ಬಾರದು. ನನ್ನ ಮಾತು ನಾನೇ ಆಡುತ್ತೇನೆ. ನೀನು ಅವರ ಪಕ್ಕ ಕುಳಿತುಕೋ.